ಬೂಸ್ಟ್ ಸೆನ್ಸರ್ ಕೋಡ್ ಬಂದರೆ ಮೊದಲು ನಿಮ್ಮ ಊರಿನ ಗಾಳಿ ನೋಡಿ

ಏರು ಹತ್ತುವಾಗ ಡೀಸೆಲ್ ಕಾರು ಎಳೆಯುವುದಿಲ್ಲ. ಆಕ್ಸಿಲರೇಟರ್ ಎಷ್ಟು ತುಳಿದರೂ 3000 ಆರ್‌ಪಿಎಂ ಹತ್ತಿರ ಹೋಗಿ ನಿಂತುಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಹತ್ತಿಕೊಂಡಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಬೂಸ್ಟ್ ಸೆನ್ಸರ್ ಅಂತ ಕೋಡ್ ಬರುತ್ತದೆ. ‘ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕೋಣ’ ಅನ್ನುತ್ತಾರೆ. ಹಾಕಿಸುತ್ತೀರಿ. ಕೆಲವು ದಿನ ಗಾಡಿ ಚೆನ್ನಾಗಿ ಓಡುತ್ತದೆ. ಆಮೇಲೆ ಮತ್ತೆ ಅದೇ ಲೈಟ್, ಅದೇ ಕೋಡ್. ಈ ಸಲ ‘ಟರ್ಬೊನೇ ಹೋಗಿರಬೇಕು’ ಅನ್ನುವ ಮಾತು ಬರುತ್ತದೆ.

ಹೀಗೆ ಸುಮ್ನೆ ಕೈಬಿಟ್ಟುಹೋಗುವ ದುಡ್ಡು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಈ ಸೆನ್ಸರ್ ಸರಿಯಿದೆಯೋ ಇಲ್ಲವೋ ಅಂತ ನೋಡುವ ಮೊದಲ ಪರೀಕ್ಷೆಗೆ ಏನನ್ನೂ ಬಿಚ್ಚಬೇಕಿಲ್ಲ. ಇಂಜಿನ್ ಸ್ಟಾರ್ಟ್ ಮಾಡುವುದೂ ಬೇಡ. ನಿಮ್ಮ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಿದ್ದರೆ ಸಾಕು.

ಸೆನ್ಸರ್ ಅಳೆಯುವುದು ಏನನ್ನು?

ಇಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್ನಿನ ಒಳಗೆ ನೂಕುತ್ತದೆ. ಹೀಗೆ ಒತ್ತಿ ನೂಕಿದ ಗಾಳಿಯ ಒತ್ತಡವೇ ಬೂಸ್ಟ್. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ಇಂಟರ್‌ಕೂಲರ್ ತಣಿಸುತ್ತದೆ. ಅಲ್ಲಿಂದ ದಪ್ಪ ರಬ್ಬರ್ ಹೋಸ್ ಮೂಲಕ ಗಾಳಿ, ಅದನ್ನು ಸಿಲಿಂಡರ್‌ಗಳಿಗೆ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಸೇರುತ್ತದೆ. ನಮ್ಮ ಸೆನ್ಸರ್ ಕೂತಿರುವುದು ಈ ದಾರಿಯ ಕೊನೆಯಲ್ಲಿ, ಮ್ಯಾನಿಫೋಲ್ಡ್ ಮೇಲೆ ಅಥವಾ ಅದರ ಸ್ವಲ್ಪ ಹಿಂದೆ. ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಒಂದು ಸ್ಕ್ರೂ, ಒಂದು ರಬ್ಬರ್ ರಿಂಗ್, ಮೂರು ಅಥವಾ ನಾಲ್ಕು ವೈರಿನ ಕಪ್ಲರ್. ಮೆಕ್ಯಾನಿಕ್‌ಗಳು ಇದನ್ನು ಮ್ಯಾಪ್ ಸೆನ್ಸರ್ ಅಂತಲೂ ಕರೆಯುತ್ತಾರೆ.

ಒಳಗೆ ಒಂದು ತೆಳು ಸಿಲಿಕಾನ್ ಪೊರೆ ಇದೆ. ಅದರ ಒಂದು ಕಡೆ ಗಾಳಿಯೇ ಇಲ್ಲದ ಪುಟ್ಟ ಖಾಲಿ ಜಾಗ. ಇನ್ನೊಂದು ಕಡೆ ಮ್ಯಾನಿಫೋಲ್ಡಿನ ಗಾಳಿ. ಗಾಳಿ ಒತ್ತಿದಷ್ಟೂ ಪೊರೆ ಬಾಗುತ್ತದೆ, ಬಾಗಿದಷ್ಟೂ ಅದರ ಮೇಲಿರುವ ರೆಸಿಸ್ಟರ್‌ಗಳ ರೋಧ ಬದಲಾಗುತ್ತದೆ. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, 5 ವೋಲ್ಟ್ ಕೊಡುತ್ತದೆ, ಸೆನ್ಸರ್ ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನವರೆಗೆ ಒತ್ತಡಕ್ಕೆ ತಕ್ಕ ಉತ್ತರ ವಾಪಸ್ ಕಳಿಸುತ್ತದೆ.

ಖಾಲಿ ಜಾಗದ ವಿಷಯ ಯಾಕೆ ಹೇಳಿದೆ ಅಂದರೆ, ರೋಗ ಪತ್ತೆಯ ಕೀಲಿ ಅಲ್ಲೇ ಇದೆ. ಟೈರ್ ಗಾಳಿ ನೋಡುವ ಗೇಜ್ ಸುತ್ತಲಿನ ಗಾಳಿಗಿಂತ ಎಷ್ಟು ಜಾಸ್ತಿ ಇದೆ ಅಂತ ಹೇಳುತ್ತದೆ. ಹಾಗಾಗಿ ಪಂಕ್ಚರ್ ಆದ ಟೈರಿನಲ್ಲಿ ಅದು ಸೊನ್ನೆ. ಬೂಸ್ಟ್ ಸೆನ್ಸರ್ ಹಾಗಲ್ಲ. ಅದು ಅಳೆಯುವುದು ಗಾಳಿಯೇ ಇಲ್ಲದ ಶೂನ್ಯದಿಂದ. ಇಂಜಿನ್ ಆಫ್ ಆಗಿದ್ದಾಗಲೂ ಅದು ಸೊನ್ನೆ ತೋರಿಸುವುದಿಲ್ಲ, ನಿಮ್ಮ ಊರಿನ ಗಾಳಿಯ ಒತ್ತಡವನ್ನು ತೋರಿಸುತ್ತದೆ.

ಕೀ ಆನ್, ಇಂಜಿನ್ ಆಫ್

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೊಪಾಸ್ಕಲ್. ಮೇಲೆ ಹೋದ ಹಾಗೆ ಕಡಿಮೆಯಾಗುತ್ತದೆ. ನಮ್ಮ ಕಡೆಯ ಎತ್ತರಗಳಿಗೆ ಒಂದು ಸುಲಭ ಲೆಕ್ಕವಿದೆ: ಪ್ರತಿ 100 ಮೀಟರ್ ಏರಿಗೆ ಒಂದು ಕಿಲೊಪಾಸ್ಕಲ್‌ಗಿಂತ ತುಸು ಜಾಸ್ತಿ ಇಳಿಯುತ್ತದೆ. ಮಂಗಳೂರಿನಲ್ಲಿ 101 ಇದ್ದದ್ದು ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಹತ್ತಿರ ಇರುತ್ತದೆ. ಮೈಸೂರಿನಲ್ಲಿ 92–93. ಹುಬ್ಬಳ್ಳಿಯಲ್ಲಿ 94ರ ಆಸುಪಾಸು. ಕಲಬುರಗಿಯಲ್ಲಿ 96. ಮಡಿಕೇರಿಯಲ್ಲಿ 88. ಊಟಿಗೆ ಹೋದರೆ 77ಕ್ಕೆ ಇಳಿಯುತ್ತದೆ. ಹವಾಮಾನದಿಂದ ಒಂದೆರಡು ಅಂಕೆ ಆಚೀಚೆ ಆಗಬಹುದು, ಅದಕ್ಕಿಂತ ಜಾಸ್ತಿ ಆಗುವುದು ಅಪರೂಪ.

ಈಗ ಪರೀಕ್ಷೆ. ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ, ಅಂದರೆ ಗಾಡಿಯ ಕೋಡ್ ಓದುವ ಸಾಕೆಟ್ಟಿಗೆ, ಸ್ಕ್ಯಾನರ್ ಚುಚ್ಚಿ. 2013ರ ಏಪ್ರಿಲ್ ನಂತರದ ಬಿಎಸ್ 4 ಕಾರುಗಳಲ್ಲಿ ಒಬಿಡಿ 2 ಕಡ್ಡಾಯ. ಅದಕ್ಕೂ ಹಳೆಯ ಎಷ್ಟೋ ಕಾರುಗಳಲ್ಲೂ ಈ ಪೋರ್ಟ್ ಇರುತ್ತದೆ. ಇಎಲ್‌ಎಂ 327 ಅಂತ ಸಿಗುವ ಕಡಿಮೆ ಬೆಲೆಯ ಬ್ಲೂಟೂತ್ ಅಡಾಪ್ಟರ್ ಮತ್ತು ಫೋನಿನಲ್ಲಿ ಒಂದು ಆ್ಯಪ್ ಇದ್ದರೂ ಸಾಕು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಲೈವ್ ಡೇಟಾದಲ್ಲಿ ಮ್ಯಾನಿಫೋಲ್ಡ್ ಪ್ರೆಷರ್ ನೋಡಿ. ಬ್ಯಾರೊಮೆಟ್ರಿಕ್ ಪ್ರೆಷರ್ ಅಂತ ಇನ್ನೊಂದು ಸಾಲು ಇದ್ದರೆ ಅದನ್ನೂ ನೋಡಿ. ಎಷ್ಟೋ ಡೀಸೆಲ್ ಇಸಿಯುಗಳ ಒಳಗೆ ಹೊರಗಿನ ಗಾಳಿ ಅಳೆಯುವ ಬೇರೆ ಸೆನ್ಸರ್ ಇರುತ್ತದೆ. ಅದು ನಿಮಗೆ ಪುಕ್ಕಟೆ ಸಿಗುವ ಎರಡನೇ ಸಾಕ್ಷಿ.

ಬೆಂಗಳೂರಿನಲ್ಲಿ ಎರಡೂ 90, 91, 92 ಅಂತ ಒಂದಕ್ಕೊಂದು ಹತ್ತಿರ ಇದ್ದರೆ, ಸೆನ್ಸರಿನ ತಳಪಾಯ ಸರಿಯಿದೆ. ಒಂದು 91, ಇನ್ನೊಂದು 104 ಇದ್ದರೆ ಎಲ್ಲೋ ಎಡವಟ್ಟಾಗಿದೆ. 255 ಅಥವಾ ಸೊನ್ನೆಗೆ ಅಂಟಿಕೊಂಡಿದ್ದರೆ ಅದು ಗಾಳಿಯ ಸಮಸ್ಯೆಯೇ ಅಲ್ಲ, ಕರೆಂಟಿನದು. ನಿಂತ ಗಾಡಿಯ ಮ್ಯಾನಿಫೋಲ್ಡಿನಲ್ಲಿ ಅಂಥ ಒತ್ತಡ ಇರಲು ಸಾಧ್ಯವೇ ಇಲ್ಲ ಅಲ್ವಾ? ಒಂದು ಎಚ್ಚರಿಕೆ: ಕೆಲವು ಇಸಿಯುಗಳು ತಪ್ಪು ಕಂಡಾಗ ಸೆನ್ಸರಿನ ಮಾತು ಬಿಟ್ಟು ತಾವೇ ಒಂದು ಬದಲಿ ಅಂಕೆ ಹಾಕಿಕೊಳ್ಳುತ್ತವೆ. ಅದಕ್ಕೆ ಕೋಡ್ ಮತ್ತು ಅದರ ಜೊತೆಗಿನ ಫ್ರೀಜ್ ಫ್ರೇಮ್ (ಅದೇನು ಅಂತ ಮುಂದೆ ಹೇಳುತ್ತೇನೆ) ಬರೆದಿಟ್ಟುಕೊಂಡು, ಅಳಿಸಿ, ಆಮೇಲೆ ಓದಿ.

ಘಟ್ಟದ ಕಡೆ ಓಡಾಡುವವರಿಗೆ ಇನ್ನೂ ಒಳ್ಳೆಯ ಪರೀಕ್ಷೆ ಇದೆ. ಮಂಗಳೂರಿನಲ್ಲಿ ಒಮ್ಮೆ, ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ನಿಲ್ಲಿಸಿದಾಗ ಒಮ್ಮೆ ಇದೇ ಅಂಕೆ ನೋಡಿ. 101 ಇದ್ದದ್ದು 90–91ಕ್ಕೆ ಇಳಿದಿರಬೇಕು. ಮೇಲೆ ಹೋದರೂ ಅಂಕೆ ಅಲುಗಾಡದೆ ಕೂತಿದ್ದರೆ ಒಂದೋ ಸೆನ್ಸರಿನ ತೂತು ಪೂರಾ ಕಟ್ಟಿದೆ, ಇಲ್ಲವೇ ನೀವು ನೋಡುತ್ತಿರುವುದು ಇಸಿಯು ಹಾಕಿಕೊಂಡ ಬದಲಿ ಅಂಕೆ.

ಸ್ಟಾರ್ಟ್ ಮಾಡಿದ ಮೇಲೆ ಡೀಸೆಲ್‌ಗೂ ಪೆಟ್ರೋಲ್‌ಗೂ ವ್ಯತ್ಯಾಸವಿದೆ. ಡೀಸೆಲ್‌ನಲ್ಲಿ ಐಡ್ಲಿಂಗಿನಲ್ಲೂ ಮ್ಯಾನಿಫೋಲ್ಡ್ ಒತ್ತಡ ಹೊರಗಿನ ಗಾಳಿಯ ಹತ್ತಿರವೇ ಇರುತ್ತದೆ. ಟರ್ಬೊ ಪೆಟ್ರೋಲ್‌ನಲ್ಲಿ ಗಾಳಿ ತಡೆಯುವ ಥ್ರಾಟಲ್ ಮುಚ್ಚಿರುವುದರಿಂದ 30–40ಕ್ಕೆ ಇಳಿಯುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ, ಥ್ರಾಟಲ್‌ಗಿಂತ ಮೊದಲು ಒಂದು, ಆಮೇಲೆ ಒಂದು. ಕೋಡ್ ಯಾವುದರ ಬಗ್ಗೆ ಅಂತ ಸರಿಯಾಗಿ ಓದಿಕೊಳ್ಳಿ. ಇನ್ನು, ಕೆಲವು ಆ್ಯಪ್‌ಗಳು ಹೊರಗಿನ ಗಾಳಿ ಯಾವಾಗಲೂ ಸಮುದ್ರಮಟ್ಟದ್ದೇ ಅಂತ ಹಿಡಿದು ಬೂಸ್ಟ್ ಲೆಕ್ಕ ಹಾಕುತ್ತವೆ. ಬೆಂಗಳೂರಿನಲ್ಲಿ ಅಂಥ ಆ್ಯಪ್ ಮೈನಸ್ 10 ತೋರಿಸಿದರೆ ತಪ್ಪು ಆ್ಯಪಿನದು. ಬೂಸ್ಟ್ ಅನ್ನುವ ಸಾಲು ಬಿಟ್ಟು, ಮ್ಯಾನಿಫೋಲ್ಡ್ ಒತ್ತಡವನ್ನೇ ನೋಡುವುದು ಒಳ್ಳೆಯದು.

ಕೋಡ್ ಏನು ಹೇಳುತ್ತದೆ?

‘ಬೂಸ್ಟ್ ಕೋಡ್’ ಅಂತ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಅರ್ಧ ಗೊಂದಲ. ಪಿ 0237 ಅಂದರೆ ಸೆನ್ಸರಿನ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕೆಳಗಿದೆ. ಪಿ 0238 ಅಂದರೆ ಮೇಲಿದೆ. ಇವೆರಡೂ ಹೆಚ್ಚಾಗಿ ವೈರ್, ಕಪ್ಲರ್, ಸೆನ್ಸರ್‌ಗೆ ಸಂಬಂಧಿಸಿದವು. ಪಿ 0236 ಬಂದರೆ ವೋಲ್ಟೇಜ್ ಮಿತಿಯೊಳಗೇ ಇದೆ, ಆದರೆ ಸಂದರ್ಭಕ್ಕೆ ಹೊಂದುವುದಿಲ್ಲ ಅಂತ. ಮಸಿ ಕಟ್ಟಿದ ಸೆನ್ಸರಿನಲ್ಲಿ ಇದು ಬರುತ್ತದೆ. ಪಿ 0299 ಮತ್ತು ಪಿ 0234 ಪೂರ್ತಿ ಬೇರೆ. ಮೊದಲನೆಯದು ಬೂಸ್ಟ್ ಕಡಿಮೆ, ಎರಡನೆಯದು ಬೂಸ್ಟ್ ಜಾಸ್ತಿ. ಅಲ್ಲಿ ಇಸಿಯು ಸೆನ್ಸರಿನ ಮಾತು ನಂಬಿಕೊಂಡೇ ‘ಗಾಳಿ ಸಾಲುತ್ತಿಲ್ಲ’ ಅಥವಾ ‘ಗಾಳಿ ಜಾಸ್ತಿಯಾಯಿತು’ ಅನ್ನುತ್ತಿದೆ. ಪಿ 0299 ಬಂದ ತಕ್ಷಣ ಸೆನ್ಸರ್ ಬದಲಿಸುವುದು ನನ್ನ ಪ್ರಕಾರ ಜ್ವರ ಬಂತು ಅಂತ ಥರ್ಮಾಮೀಟರ್ ಬದಲಿಸಿದ ಹಾಗೆ.

ಕೋಡ್ ಜೊತೆ ಸೇವ್ ಆಗಿರುವ ಫ್ರೀಜ್ ಫ್ರೇಮ್ ನೋಡದೆ ಅಳಿಸಬೇಡಿ. ಲೈಟ್ ಹತ್ತಿದ ಗಳಿಗೆಯಲ್ಲಿ ಎಷ್ಟು ಆರ್‌ಪಿಎಂ, ಎಷ್ಟು ಸ್ಪೀಡ್, ಇಂಜಿನ್ ಮೇಲೆ ಎಷ್ಟು ಲೋಡ್ ಅಂತ ಅದರಲ್ಲಿ ಇರುತ್ತದೆ. ಐಡ್ಲಿಂಗಿನಲ್ಲೇ ಹತ್ತಿದ ಲೈಟಿಗೂ, ಏರಿನಲ್ಲಿ ಪೂರ್ತಿ ತುಳಿದಾಗ ಹತ್ತಿದ ಲೈಟಿಗೂ ಕಾರಣ ಸಾಮಾನ್ಯವಾಗಿ ಬೇರೆ ಬೇರೆ.

ವೈರ್ ನೋಡದೆ ಸೆನ್ಸರ್ ಬದಲಿಸಬೇಡಿ

ಕೀ ಆನ್ ಮಾಡಿದಾಗಲೇ ಅಂಕೆ ತಪ್ಪಿದ್ದರೂ ಸೆನ್ಸರ್ ಕೆಟ್ಟಿದೆ ಅಂತ ತೀರ್ಮಾನ ಮಾಡುವುದು ಬೇಡ. ಒಂದು ಮಲ್ಟಿಮೀಟರ್ ತಗೊಳ್ಳಿ. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ, ಒಳಗೆ ಕಣ್ಣಿಟ್ಟು ನೋಡಿ. ಹಸಿರು ಕಿಲುಬು ಹಿಡಿದಿದೆಯಾ? ಪಿನ್ ಅಗಲವಾಗಿದೆಯಾ? ಎಣ್ಣೆ ಇಳಿದಿದೆಯಾ? ಮಳೆಗಾಲದ ನಂತರ, ಅಥವಾ ಪ್ರೆಷರ್ ವಾಟರ್ ಬಿಟ್ಟು ಇಂಜಿನ್ ತೊಳೆಸಿದ ಮೇಲೆ ಶುರುವಾದ ತೊಂದರೆ ಇಲ್ಲೇ ಸಿಗುವುದು ಜಾಸ್ತಿ. ಬಹಳ ದಿನ ನಿಂತ ಗಾಡಿಯಾದರೆ ಇಲಿ ಕಡಿದ ವೈರ್ ಹುಡುಕಿ. ಹೊರಗಿನ ಟೇಪ್ ಚೆನ್ನಾಗಿ ಕಂಡರೂ ಒಳಗೆ ಒಂದೇ ಎಳೆ ಉಳಿದಿರಬಹುದು.

ಕಪ್ಲರ್ ಬಿಚ್ಚಿಟ್ಟು ಮತ್ತೆ ಕೀ ಆನ್ ಮಾಡಿ. ಇಸಿಯು ಕಡೆಯ ಕಪ್ಲರಿನಲ್ಲಿ 5 ವೋಲ್ಟ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ 5 ವೋಲ್ಟ್ ಬರಬೇಕು. ಯಾವ ಪಿನ್ ಯಾವುದು ಅನ್ನುವುದನ್ನು ನಿಮ್ಮ ಗಾಡಿಯ ವೈರಿಂಗ್ ಡಯಾಗ್ರಾಂನಲ್ಲಿ ನೋಡಿಕೊಳ್ಳಿ, ಊಹೆ ಮಾಡಬೇಡಿ. ವೈರಿಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸವೂ ಬೇಡ. ಆ ತೂತಿನಿಂದ ನೀರು ಇಳಿದು ಮುಂದಿನ ಮಳೆಗಾಲಕ್ಕೆ ಹೊಸ ರೋಗ ಶುರುವಾಗುತ್ತದೆ.

5 ವೋಲ್ಟ್ ಬರದಿದ್ದರೆ ಆ ವೈರ್ ತುಂಡಾಗಿರಬಹುದು, ಅಥವಾ ಅದೇ 5 ವೋಲ್ಟ್ ಹಂಚಿಕೊಂಡಿರುವ ಬೇರೆ ಯಾವುದೋ ಸೆನ್ಸರ್ ಶಾರ್ಟ್ ಆಗಿರಬಹುದು. ರೈಲ್ ಪ್ರೆಷರ್, ಆಕ್ಸಿಲರೇಟರ್ ಪೆಡಲ್, ಎಸಿ ಪ್ರೆಷರ್, ಹೀಗೆ ಮೂರ್ನಾಲ್ಕು ಕೋಡ್‌ಗಳು ಒಟ್ಟಿಗೇ ಬಂದಿದ್ದರೆ ನನಗೆ ಮೊದಲು ಬರುವ ಅನುಮಾನ ಇದೇ. ಎಲ್ಲ ಸೆನ್ಸರ್‌ಗಳೂ ಒಂದೇ ದಿನ ಸಾಯುವುದಿಲ್ಲ. ಒಂದೊಂದೇ ಕಪ್ಲರ್ ಬಿಚ್ಚುತ್ತಾ ಹೋದರೆ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅಲ್ಲಿ ಕಳ್ಳ ಸಿಕ್ಕ.

ಅರ್ತ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಚ್ಚು ಜನ ಇದನ್ನು ನೋಡುವುದೇ ಇಲ್ಲ. ಒಂದು ಸಾಮಾನ್ಯ ಬಗೆಯ ಬಾಷ್ ಸೆನ್ಸರ್ ತಗೊಳ್ಳೋಣ. ಅದು 20 ಕಿಲೊಪಾಸ್ಕಲ್‌ಗೆ 0.4 ವೋಲ್ಟ್, 250ಕ್ಕೆ 4.65 ವೋಲ್ಟ್ ಕೊಡುತ್ತದೆ. ಆ ಲೆಕ್ಕದಲ್ಲಿ ಬೆಂಗಳೂರಿನ 91ಕ್ಕೆ ಸುಮಾರು 1.7 ವೋಲ್ಟ್, ಮಂಗಳೂರಿನ 101ಕ್ಕೆ 1.9 ವೋಲ್ಟ್. ಅಂದರೆ ಪ್ರತಿ 0.1 ವೋಲ್ಟ್ ಐದು ಕಿಲೊಪಾಸ್ಕಲ್‌ಗಿಂತ ತುಸು ಜಾಸ್ತಿ. ಕಿಲುಬು ಹಿಡಿದ ಅರ್ತ್ ಪಿನ್ನಿನಲ್ಲಿ 0.1 ವೋಲ್ಟ್ ಸೋರಿಹೋದರೆ ಸಾಕು, ಸೆನ್ಸರ್ ಸರಿಯಾಗಿದ್ದರೂ ಇಸಿಯುಗೆ ಕೆಲವು ಕಿಲೊಪಾಸ್ಕಲ್ ಜಾಸ್ತಿ ಕಾಣುತ್ತದೆ. ಹೊಸ ಸೆನ್ಸರ್ ಹಾಕುವಾಗ ಕಪ್ಲರ್ ಬಿಚ್ಚಿ ಹಾಕಿದ್ದಕ್ಕೇ ಪಿನ್ ಒರೆಸಿಕೊಂಡು ಕೆಲವು ದಿನ ಸರಿಯಾಗುತ್ತದೆ. ಆಮೇಲೆ ಮತ್ತೆ ಅದೇ ಕಥೆ. ಹೊಸ ಸೆನ್ಸರ್ ಕೆಲವೇ ದಿನ ಕೆಲಸ ಮಾಡುವುದರ ಹಿಂದೆ ಇರುವ ಒಂದು ಕಾರಣ ಇದು. ಕಪ್ಲರ್ ಹಾಕಿ, ಕೀ ಆನ್ ಇಟ್ಟು, ಸೆನ್ಸರಿನ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. ಹತ್ತಾರು ಮಿಲಿವೋಲ್ಟ್ ಒಳಗೆ ಇರಬೇಕು.

ನಾಲ್ಕು ಪಿನ್ನಿನ ಸೆನ್ಸರಿನಲ್ಲಿ ಗಾಳಿಯ ಬಿಸಿ ಅಳೆಯುವ ಭಾಗವೂ ಇರುತ್ತದೆ. ಎರಡಕ್ಕೂ ಅರ್ತ್ ಒಂದೇ. ಬೆಳಿಗ್ಗೆ ತಣ್ಣನೆ ಇಂಜಿನ್ನಿನಲ್ಲಿ ಇಂಟೇಕ್ ಟೆಂಪರೇಚರ್ ಮತ್ತು ಕೂಲಂಟ್ ಟೆಂಪರೇಚರ್ ಹೆಚ್ಚುಕಡಿಮೆ ಒಂದೇ ಇರಬೇಕು. ಒತ್ತಡ ಮೇಲಕ್ಕೆ ಹೋಗಿ ಅಂಟಿಕೊಂಡು, ಜೊತೆಗೆ ಟೆಂಪರೇಚರ್ ಮೈನಸ್ 40 ತೋರಿಸಿದರೆ ಅರ್ತ್ ಕಡಿದಿದೆ ಅಂತಲೇ ಹುಡುಕಿ.

ಕೊನೆಗೊಂದು ಸುಲಭ ಉಪಾಯ. ಪಿ 0238 ಇದ್ದಾಗ ಕಪ್ಲರ್ ಬಿಚ್ಚಿ, ಕೋಡ್ ಅಳಿಸಿ, ಮತ್ತೆ ಓದಿ. ಕೋಡ್ ಪಿ 0237ಕ್ಕೆ ಬದಲಾದರೆ ಇಸಿಯು ಮತ್ತು ಸಿಗ್ನಲ್ ವೈರ್ ನಿಮ್ಮ ಕೆಲಸಕ್ಕೆ ಸ್ಪಂದಿಸುತ್ತಿವೆ, ಅನುಮಾನ ಸೆನ್ಸರ್ ಅಥವಾ ಅರ್ತ್ ಕಡೆಗೆ ತಿರುಗುತ್ತದೆ. ಬದಲಾಗದೆ ಹಾಗೇ ಉಳಿದರೆ ಖಚಿತವಾಗಿ ಏನೂ ಹೇಳಲಾಗದು. ಕೆಲವು ಇಸಿಯುಗಳಲ್ಲಿ ಬಿಚ್ಚಿದ ವೈರ್ ಕೂಡ ‘ಮೇಲಿದೆ’ ಅಂತಲೇ ಕಾಣುತ್ತದೆ. ಆಗ ಮೀಟರ್ ಹಿಡಿದೇ ನೋಡಬೇಕು.

ಮಸಿ

ನಮ್ಮ ರಸ್ತೆಗಳಲ್ಲಿ ಇಂದಿಗೂ ಕಾಣುವ 1248 ಸಿಸಿ ಡೀಸೆಲ್ ಇಂಜಿನ್ ನೋಡಿ. ಫಿಯಟ್ ಮಾಡಿದ್ದು. ಮಾರುತಿ ಅದನ್ನು ಡಿಡಿಐಎಸ್ ಅಂತ ಸ್ವಿಫ್ಟ್, ಡಿಜೈರ್‌ಗೆ ಹಾಕಿತು. ಟಾಟಾ ಕ್ವಾಡ್ರಾಜೆಟ್ ಅಂತ ಇಂಡಿಕಾ ವಿಸ್ತಾಗೆ ಹಾಕಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಹಾಗಾಗಿ ಆ ಗಾಡಿಗಳೆಲ್ಲ ಈಗ ಹಳೆಯವು, ಲಕ್ಷಗಟ್ಟಲೆ ಕಿಲೋಮೀಟರ್ ಓಡಿದವೂ ಬೇಕಾದಷ್ಟಿವೆ. ಹಳೆಯ ಡೀಸೆಲ್‌ನಲ್ಲಿ ಇಜಿಆರ್ ವಾಲ್ವ್ ಒಂದಷ್ಟು ಹೊಗೆಯನ್ನು ವಾಪಸ್ ಮ್ಯಾನಿಫೋಲ್ಡಿಗೆ ಕಳಿಸುತ್ತದೆ. ಬ್ರೀದರ್ ಪೈಪಿನಿಂದ ಆಯಿಲ್ ಆವಿ ಬರುತ್ತದೆ. ಎರಡೂ ಸೇರಿ ಕಪ್ಪು ಜಿಡ್ಡಾಗಿ ಸೆನ್ಸರಿನ ತೂತಿಗೆ ಮೆತ್ತಿಕೊಳ್ಳುತ್ತದೆ.

ಪೂರ್ತಿ ಮುಚ್ಚುವವರೆಗೆ ಇದು ಮೋಸದ ರೋಗ. ನಿಂತಾಗ ಅಂಕೆ ಸರಿಯಾಗೇ ಇರುತ್ತದೆ, ಗಾಳಿ ನಿಧಾನವಾಗಿ ಒಳಗೆ ಇಳಿದು ಸಮವಾಗುವುದಕ್ಕೆ ಸಮಯ ಸಿಗುತ್ತದಲ್ಲ. ಓಡುವಾಗ ಮಾತ್ರ ಒತ್ತಡ ಏರಿದ್ದು ಸೆನ್ಸರಿಗೆ ತಡವಾಗಿ ತಿಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗಲೂ ಅಂಕೆ ನಿಧಾನವಾಗಿ ಇಳಿಯುತ್ತದೆ. ವೇರಿಯಬಲ್ ಜಿಯೊಮೆಟ್ರಿ ಟರ್ಬೊ (ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು) ಇರುವ ಗಾಡಿಯಲ್ಲಿ ಇಸಿಯು ಈ ಅಂಕೆ ನೋಡಿಕೊಂಡೇ ಟರ್ಬೊವನ್ನು ಹಿಡಿತದಲ್ಲಿ ಇಡುತ್ತದೆ. ಮಾಹಿತಿ ತಡವಾದರೆ ಬೂಸ್ಟ್ ಬಂದಿಲ್ಲ ಅಂದುಕೊಂಡು ಇನ್ನೂ ಒತ್ತುತ್ತದೆ. ನಿಜವಾಗಿಯೂ ಓವರ್‌ಬೂಸ್ಟ್ ಆಗುತ್ತದೆ.

ಸ್ಕ್ರೂ ಬಿಚ್ಚಿ ಸೆನ್ಸರ್ ಹೊರತೆಗೆದು ನೋಡಿ. ಮಸಿ ಇದ್ದರೆ ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದು, ತಲೆಕೆಳಗೆ ಹಿಡಿದು ಜಿಡ್ಡು ಇಳಿಯಲು ಬಿಡಿ. ಪೂರ್ತಿ ಒಣಗಿದ ಮೇಲೆ ಹಾಕಿ. ಪಿನ್ನು, ಕಡ್ಡಿ ತೂರಿಸಬೇಡಿ. ಕಂಪ್ರೆಸರ್ ಗಾಳಿಯನ್ನೂ ಬಿಡಬೇಡಿ. ಆ ತೆಳು ಪೊರೆ ಹಾಳಾಗಲು ಅದು ಸಾಕು. ರಬ್ಬರ್ ರಿಂಗ್ ಗಟ್ಟಿಯಾಗಿದ್ದರೆ ಬದಲಿಸಿ.

ಗಾಳಿ ನಿಜವಾಗಿಯೂ ಸಾಲದಿದ್ದರೆ

ಸೆನ್ಸರ್ ಸರಿ, ವೈರ್ ಸರಿ, ಆದರೂ ಪಿ 0299. ಆಗ ಗಾಳಿಯ ದಾರಿ ಹಿಡಿದು ಹೋಗಿ. ಇಂಟರ್‌ಕೂಲರ್ ಹೋಸ್‌ಗಳ ಜಾಯಿಂಟಿನಲ್ಲಿ ಆಯಿಲ್ ಒದ್ದೆ ಕಾಣುತ್ತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆಯೇ ಅಂತ ನೋಡಿ. ಹೋಸ್ ಕೆಳಭಾಗದ ಸೀಳು ಮೇಲಿನಿಂದ ಕಾಣುವುದಿಲ್ಲ, ಕೈಯಾಡಿಸಿ ನೋಡಬೇಕು, ಇಂಜಿನ್ ತಣ್ಣಗಿದ್ದಾಗ. ಓಡಿಸುವಾಗ ಸುಯ್ ಅಂತ ಸದ್ದು, ಜೊತೆಗೆ ಕಪ್ಪು ಹೊಗೆ ಇದ್ದರೆ ಅನುಮಾನ ಗಟ್ಟಿ. ಕಣ್ಣಿಗೆ ಸಿಗದಿದ್ದರೆ, ಹೊಗೆ ತುಂಬಿಸಿ ಸೋರುವ ಜಾಗ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ. ಅದಾದ ಮೇಲೆ ಟರ್ಬೊ ಆಕ್ಚುವೇಟರಿನ ಸಣ್ಣ ಪೈಪುಗಳು, ವ್ಯಾಕ್ಯೂಮ್ ಸೋಲೆನಾಯ್ಡ್, ತೆರೆದುಕೊಂಡೇ ಉಳಿದ ಇಜಿಆರ್, ಮಸಿ ಹಿಡಿದು ಸಿಕ್ಕಿಕೊಂಡ ಟರ್ಬೊ ರೆಕ್ಕೆಗಳು. ಟರ್ಬೊ ಬದಲಿಸುವ ಮಾತು ಇವೆಲ್ಲ ಮುಗಿದ ಮೇಲೆ.

ಎರಡು ಬಗೆಯ ರೋಗ ಬೇರೆ ಮಾಡಲು ರೋಡ್ ಟೆಸ್ಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಖಾಲಿ ರಸ್ತೆ, ಮೂರನೇ ಗೇರ್, 1500 ಆರ್‌ಪಿಎಂನಿಂದ ಪೂರ್ತಿ ತುಳಿದು 3500ರವರೆಗೆ. ಪಕ್ಕದಲ್ಲಿ ಕೂತವರು ಡೇಟಾ ರೆಕಾರ್ಡ್ ಮಾಡಲಿ, ಓಡಿಸುವವರು ರಸ್ತೆ ಮಾತ್ರ ನೋಡಲಿ. ಒಳ್ಳೆಯ ಸ್ಕ್ಯಾನರ್ ಆದರೆ ಇಸಿಯು ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್ ಎರಡನ್ನೂ ಗೆರೆಯಾಗಿ ತೋರಿಸುತ್ತದೆ. ಸಿಕ್ಕ ಬೂಸ್ಟ್ ನಯವಾಗಿ ಏರಿ, ಕೇಳಿದ್ದಕ್ಕಿಂತ ಕೆಳಗೇ ಉಳಿದರೆ ಸೋರಿಕೆ ಅಥವಾ ಟರ್ಬೊ ಕಡೆಯ ತೊಂದರೆ. ಗೆರೆ 180ರಲ್ಲಿ ಹೋಗುತ್ತಾ ಇದ್ದಕ್ಕಿದ್ದಂತೆ ಸೊನ್ನೆಗೋ 255ಕ್ಕೋ ಹಾರಿ ಮತ್ತೆ 180ಕ್ಕೆ ಬಂದರೆ ಅದು ಲೂಸ್ ಕಾಂಟ್ಯಾಕ್ಟ್. ಗಾಳಿಯ ಒತ್ತಡ ಏರಲು, ಇಳಿಯಲು ಸ್ವಲ್ಪವಾದರೂ ಸಮಯ ಬೇಕು. ವೈರಿಗೆ ಬೇಡ. ಆ್ಯಪ್‌ನಲ್ಲಿ ನೋಡುವವರು ಒಂದು ವಿಷಯ ನೆನಪಿಡಿ: ಸಾಮಾನ್ಯ ಒಬಿಡಿಯ ಮ್ಯಾನಿಫೋಲ್ಡ್ ಪ್ರೆಷರ್ ಸಾಲಿನಲ್ಲಿ 255ಕ್ಕಿಂತ ಮೇಲಿನ ಅಂಕೆ ಬರುವುದೇ ಇಲ್ಲ. ಜೋರು ಬೂಸ್ಟಿನ ದೊಡ್ಡ ಡೀಸೆಲ್‌ನಲ್ಲಿ ಅಂಕೆ ಅಲ್ಲಿ ಹೋಗಿ ನಿಂತರೆ ಅದು ಆ ಸಾಲಿನ ಮಿತಿ ಇರಬಹುದು.

ಕೊನೆಗೂ ಸೆನ್ಸರೇ ಕೆಟ್ಟಿದೆ ಅಂತಾದರೆ ಪಾರ್ಟ್ ನಂಬರ್ ನೋಡಿಯೇ ತಗೊಳ್ಳಿ. ಹೊರಗಿನಿಂದ ಒಂದೇ ಥರ ಕಾಣುವ, ಅದೇ ಕಪ್ಲರ್ ಕೂರುವ ಎರಡು ಸೆನ್ಸರ್‌ಗಳಲ್ಲಿ ಒಂದು 250ರವರೆಗೆ, ಇನ್ನೊಂದು 300ರವರೆಗೆ ಅಳೆಯುವಂಥದ್ದು ಇರಬಹುದು. ತಪ್ಪಾದದ್ದು ಹಾಕಿದರೆ ಕರೆಂಟಿನ ಕೋಡ್ ಬರುವುದಿಲ್ಲ, ಗಾಡಿ ಮಾತ್ರ ಸರಿಯಾಗಿ ಎಳೆಯುವುದಿಲ್ಲ. ಅಂಗಡಿಯಿಂದ ತಂದ ಹೊಸದನ್ನು ಸ್ಕ್ರೂ ಹಾಕಿ ಬಿಗಿ ಮಾಡುವ ಮೊದಲೇ ಕಪ್ಲರಿಗೆ ಚುಚ್ಚಿ ಕೀ ಆನ್ ಮಾಡಿ. ಹುಬ್ಬಳ್ಳಿಯಲ್ಲಿದ್ದರೆ 94ರ ಹತ್ತಿರ, ಉಡುಪಿಯಲ್ಲಿದ್ದರೆ 101ರ ಹತ್ತಿರ ಬರಬೇಕು. ಬರದಿದ್ದರೆ, ಕೈಗೆ ಜಿಡ್ಡಾಗುವ ಮೊದಲೇ ಬಿಲ್ ಸಮೇತ ವಾಪಸ್ ಕೊಡಿ.